ಹೊಸ ಕರಡಿಗೆ, ಹಳೆಯ ದನಿ

ನಮ್ಮ ಪರಮಪೂಜ್ಯ ಹಿರಿಯ ಗುರುಗಳು ಲಿಂಗೈಕ್ಯರಾದುದು 2006ರಲ್ಲಿ. ಕಳೆದ ಪುಣ್ಯಸ್ಮರಣೆಯ ದಿನ ಹತ್ತಿರ ಬಂದಾಗ, ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ಓದಿ ಇಂದು ಮಸ್ಕತ್ತಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರಿಂದ ಒಂದು ಬಿನ್ನಹ ಬಂದಿತು. ತಮ್ಮ ಮಕ್ಕಳು ಗುರುಗಳನ್ನು ಕಂಡವರಲ್ಲ. ಪ್ರವಚನದ ದೃಶ್ಯವನ್ನಾದರೂ ಕಳುಹಿಸಿಕೊಟ್ಟರೆ ಮನೆಮಂದಿಯೆಲ್ಲ ಕೂಡಿ ನೋಡುವೆವೆಂದು ಅವರು ಕೇಳಿಕೊಂಡಿದ್ದರು. ಮಠದ ಕಂಪ್ಯೂಟರಿನಲ್ಲಿದ್ದ ವೀಡಿಯೊ ಕಡತವನ್ನು ಅಂದೇ ಕಳುಹಿಸಿಕೊಟ್ಟೆವು. ಎರಡು ದಿನಗಳ ಮೇಲೆ ಮರುತ್ತರ ಬಂದಿತು: “ಬುದ್ಧಿ, ಪೆಟ್ಟಿಗೆ ಮುಟ್ಟಿತು, ಬೀಗದಕೈ ಮುಟ್ಟಲಿಲ್ಲ. ಫೋನಿನಲ್ಲಿ ತೆರೆಯುವುದೇ ಇಲ್ಲ. ಕಂಪ್ಯೂಟರಿನಲ್ಲಿ ದನಿ ಕೇಳಿಸುತ್ತದೆ, ಚಿತ್ರ ಕಾಣಿಸುವುದಿಲ್ಲ.”

ಆ ಕಡತದ ಪೂರ್ವವೃತ್ತಾಂತವನ್ನು ಇಲ್ಲಿ ಹೇಳಬೇಕು. 2003ರಲ್ಲಿ ಹಿರಿಯ ಗುರುಗಳು ಕರಾವಳಿಯ ಕಡೆಗೆ ದಯಮಾಡಿಸಿದ್ದರು. ಕಾರ್ಕಳದಲ್ಲಿ ಅಧ್ಯಾಪಕರಾಗಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿ ಪಂಚಾಚಾರಗಳನ್ನು ಕುರಿತು ಒಂದೂವರೆ ಗಂಟೆ ಮಾತನಾಡಿದರು. ಅದನ್ನು ಚಿತ್ರಿಸಿಕೊಂಡ ಕ್ಯಾಮರಾದವರು ಮಠಕ್ಕೆ ಎರಡು ವಿಸಿಡಿ ತಟ್ಟೆಗಳನ್ನು ಕಳುಹಿಸಿಕೊಟ್ಟರು. ನಾವಾಗ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆಯಲ್ಲಿದ್ದುದರಿಂದ ಆ ಸಭೆಯಲ್ಲಿರಲಿಲ್ಲ. ಮುಂದೆ 2012ರಲ್ಲಿ, ತಟ್ಟೆಗಳು ಅಲ್ಲಲ್ಲಿ ತಡೆದು ನಿಲ್ಲುತ್ತಿವೆಯೆಂದು ಅವನ್ನು ಒಂದು ಸ್ಟುಡಿಯೋಗೆ ಕೊಟ್ಟೆವು. ಹೊಸ ಅಗಲ ಟಿ.ವಿ.ಗೆ ಒಪ್ಪುವಂತೆ ಚಿತ್ರವನ್ನು ಸರಿಪಡಿಸಿ, ಸದ್ದುಗದ್ದಲವನ್ನು ತೆಗೆದು, ಒಂದು ಕಡತವನ್ನಾಗಿ ಮಾಡಿ ಅವರು ಹಿಂದಿರುಗಿಸಿದರು. ನೋಡುವುದಕ್ಕೆ ಅಚ್ಚುಕಟ್ಟಾಗಿಯೇ ಇತ್ತು. ಇನ್ನು ಆ ಗೀರುಬಿದ್ದ ತಟ್ಟೆಗಳೇಕೆಂದು ನಾವೇ ಹೇಳಿ ಕಸಕ್ಕೆ ಹಾಕಿಸಿದೆವು. ಆಗ ಮಾಡಿದ ತಪ್ಪು ಎಂಥದೆಂಬುದು ತಿಳಿಯಲು ಇಷ್ಟು ವರ್ಷಗಳು ಬೇಕಾದುವು. ಅದನ್ನು ಸದ್ಭಕ್ತರ ಮುಂದೆ ಇಡುವುದಕ್ಕಾಗಿಯೇ ಈ ಲೇಖನ.

ಮಸ್ಕತ್ತಿನ ಉತ್ತರ ಬಂದ ವಾರದಲ್ಲೇ ಮಠದ ವೃದ್ಧ ಪರಿಚಾರಕರೊಬ್ಬರ ಕಣ್ಣಿನ ತಪಾಸಣೆಗಾಗಿ ಮಣಿಪಾಲಕ್ಕೆ ಹೋಗುವ ಪ್ರಸಂಗ ಒದಗಿತು. ಅಲ್ಲಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮತ್ತೊಬ್ಬ ಹಳೆಯ ವಿದ್ಯಾರ್ಥಿ ನಮಗೆ ಬಿಡಾರ ಕೊಟ್ಟರು. ಅವರ ಮನೆ ಮಣ್ಣಪಳ್ಳದ ಕೆರೆಗೆ ಸಮೀಪ. ಸಂಜೆಯ ಪೂಜೆಯನ್ನು ಮುಗಿಸಿದ ಮೇಲೆ, ಜೊತೆಗೆ ತಂದಿದ್ದ ಕಡತವನ್ನು ಅವರ ಮುಂದಿಟ್ಟೆವು. ಅವರು ಅದನ್ನು ತೆರೆಯುವ ಮೊದಲು ಅದರ ಜಾತಕವನ್ನು ನೋಡಿದರು. “ಇದು ಎವಿಐ ಪೆಟ್ಟಿಗೆ, ಬುದ್ಧಿ. ಒಳಗಿರುವ ಚಿತ್ರ ಡಿವ್‌ಎಕ್ಸ್ ಕ್ರಮದಲ್ಲಿದೆ. ಆ ಕಾಲದ ಡಿವಿಡಿ ಪ್ಲೇಯರುಗಳಿಗೆ ಇದು ತಿಳಿಯುತ್ತಿತ್ತು, ಇಂದಿನ ಎಷ್ಟೋ ಫೋನುಗಳಿಗೆ ತಿಳಿಯುವುದಿಲ್ಲ” ಎಂದರು.

ಪೆಟ್ಟಿಗೆ ಬೇರೆ, ಕ್ರಮ ಬೇರೆ ಎಂಬ ಮಾತು ನಮಗೆ ಹೊಸದು. ಅವರು ತಾಳ್ಮೆಯಿಂದ ವಿವರಿಸಿದರು; ನಾವು ನಮ್ಮ ರೀತಿಯಲ್ಲಿ ತಿಳಿದುಕೊಂಡೆವು. ಕಡತದ ಹೆಸರಿನ ಕೊನೆಗೆ ಎವಿಐ ಎಂದೋ ಎಂಪಿ4 ಎಂದೋ ಇರುವುದು ಕರಡಿಗೆಯ ಹೆಸರು. ಕರಡಿಗೆ ಬೆಳ್ಳಿಯದಾದರೂ ಮರದ್ದಾದರೂ ಅದರಿಂದ ಒಳಗಿರುವ ಲಿಂಗಕ್ಕೆ ವ್ಯತ್ಯಾಸವಿಲ್ಲ. ಹಾಗೆಯೇ ಕೆಲವು ವೇಳೆ ಒಳಗಿನ ಚಿತ್ರವನ್ನೂ ದನಿಯನ್ನೂ ಮುಟ್ಟದೆ ಹೊರಗಿನ ಕರಡಿಗೆಯನ್ನಷ್ಟೇ ಬದಲಿಸಬಹುದು. ಅದು ಕ್ಷಣಮಾತ್ರದ ಕೆಲಸ. ಅದರಲ್ಲಿ ನಷ್ಟವೇ ಇಲ್ಲ. ಆದರೆ ಒಳಗಿನ ಬರಹದ ಲಿಪಿಯೇ ಓದುವವನಿಗೆ ತಿಳಿಯದಿದ್ದರೆ ಕರಡಿಗೆ ಬದಲಿಸಿ ಫಲವಿಲ್ಲ; ಲಿಪ್ಯಂತರವನ್ನೇ ಮಾಡಬೇಕು. ಉಡುಪಿಯ ಮಠಗಳಲ್ಲಿ ತಿಗಳಾರಿ ಲಿಪಿಯ ಓಲೆಗರಿಗಳಿವೆಯಷ್ಟೆ. ಭಾಷೆ ಸಂಸ್ಕೃತವೇ ಆಗಿದ್ದರೂ ನಾಗರಿಯಲ್ಲಿ ಓದಿ ಬಂದ ಪಂಡಿತನಿಗೆ ಆ ಗರಿ ಮೂಕ. ಆ ಲಿಪಿಗೆ ಕಂಪ್ಯೂಟರುಗಳ ಯೂನಿಕೋಡ್ ವ್ಯವಸ್ಥೆಯಲ್ಲಿ ಸ್ಥಾನ ದೊರೆತದ್ದೂ ಈಚೆಗೆ, 2024ರ ಸೆಪ್ಟೆಂಬರಿನಲ್ಲಿ, ಅದರ 16ನೆಯ ಆವೃತ್ತಿಯಲ್ಲಿ.

ಹಳೆಯ ಕಡತಗಳಲ್ಲಿಯೂ ಹೀಗೆ ನಾನಾ ಲಿಪಿಗಳು. ವಿಸಿಡಿ ತಟ್ಟೆಯೊಳಗೆ ಡಿಎಟಿ ಎಂಬ ಹೆಸರಿನಲ್ಲಿರುವುದು ಎಂಪೆಗ್-1 ಕ್ರಮದ ಚಿತ್ರ. ಅದರ ಅಳತೆ ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆಗಳು ಮಾತ್ರ. ಡಿವಿಡಿಯಲ್ಲಿರುವುದು ಎಂಪೆಗ್-2, ಅದರಲ್ಲಿ 720ಕ್ಕೆ 576. ಹಳೆಯ ಗುಂಡಿ ಫೋನುಗಳಲ್ಲಿ ಹಿಡಿದದ್ದು 3ಜಿಪಿ. ಇವೆಲ್ಲವನ್ನೂ ಇಂದು ಒಂದೇ ಪಂಕ್ತಿಗೆ ತರಬಲ್ಲದ್ದು ಎಂಪಿ4 ಕರಡಿಗೆ, ಅದರೊಳಗೆ ಎಚ್.264 ಕ್ರಮದ ಚಿತ್ರ, ಎಎಸಿ ಕ್ರಮದ ದನಿ. ಫೋನು, ಟಿ.ವಿ., ಕಂಪ್ಯೂಟರು ಯಾವುದರಲ್ಲಿಟ್ಟರೂ ಹೆಚ್ಚುಕಡಿಮೆ ಎಲ್ಲೆಡೆಯೂ ಅದು ತೆರೆದುಕೊಳ್ಳುತ್ತದೆ. ಎಚ್.264 ಕ್ರಮಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆ ದೊರೆತದ್ದು 2003ರಲ್ಲಿ, ಗುರುಗಳು ಕಾರ್ಕಳದಲ್ಲಿ ಮಾತನಾಡಿದ ವರ್ಷದಲ್ಲಿಯೇ. ಈ ಲಿಪ್ಯಂತರವನ್ನು ಮಾಡಿಕೊಡುವ ಹ್ಯಾಂಡ್‌ಬ್ರೇಕ್, ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶಗಳು ಬೆಲೆಯಿಲ್ಲದೆ ದೊರೆಯುತ್ತವೆ. ಎರಡನೆಯದನ್ನು ಫ್ರಾನ್ಸಿನ ಫ್ಯಾಬ್ರೀಸ್ ಬೆಲ್ಲಾರ್ ಎಂಬವರು 2000ದಲ್ಲಿ ಆರಂಭಿಸಿದರು. ಅನೇಕರು ಸೇರಿ ಇಂದಿಗೂ ಬೆಳೆಸುತ್ತಿದ್ದಾರೆ. ಅದನ್ನು ಒಂದು ದಾಸೋಹವೆಂದರೆ ತಪ್ಪಾಗದು.

ಅರ್ಧ ಗಂಟೆಯೊಳಗೆ ನಮ್ಮ ಕಡತ ಎಂಪಿ4 ಆಗಿ ಅವರ ಫೋನಿನಲ್ಲಿ ತೆರೆದುಕೊಂಡಿತು. ಗುರುಗಳ ಮುಖ ಕಂಡಿತು, ದನಿ ಕೇಳಿಸಿತು. ನಾವು ಕೈಮುಗಿದೆವು. ಕೆಲಸ ಮುಗಿಯಿತೆಂದುಕೊಂಡಿದ್ದಾಗ ಅವರು ಹುಬ್ಬು ಗಂಟಿಕ್ಕಿ ನೋಡುತ್ತಿದ್ದುದನ್ನು ಕಂಡು ಏನೆಂದು ಕೇಳಿದೆವು.

“ಗುರುಗಳ ಕೈಗಳೆಲ್ಲಿ, ಬುದ್ಧಿ? ಅವರು ಕೈಯಾಡಿಸದೆ ಮಾತನಾಡಿದವರೇ ಅಲ್ಲ. ಇಲ್ಲಿ ಎದೆಯಿಂದ ಕೆಳಗೆ ಏನೂ ಇಲ್ಲ” ಎಂದರು. ಹಳೆಯ ಟಿ.ವಿ.ಯ ಚಿತ್ರದ ಚೌಕ ಅಗಲಕ್ಕೆ ನಾಲ್ಕು, ಎತ್ತರಕ್ಕೆ ಮೂರು ಎಂಬ ಪ್ರಮಾಣದ್ದು. ಇಂದಿನದು ಹದಿನಾರಕ್ಕೆ ಒಂಬತ್ತು. ಹಳೆಯದನ್ನು ಹೊಸದರಲ್ಲಿ ತುಂಬಿಸಬೇಕಾದರೆ ಎರಡು ಪಕ್ಕಗಳಲ್ಲಿ ಕಪ್ಪು ಪಟ್ಟಿ ಬಿಡಬೇಕು. ಇಲ್ಲವೆ ಎತ್ತರದಲ್ಲಿ ಕಾಲು ಭಾಗವನ್ನು ಕತ್ತರಿಸಬೇಕು. ನಮ್ಮ ಕಡತದಲ್ಲಿ ಕತ್ತರಿಸಿದ್ದರು. ತಲೆ ಉಳಿಯಲೆಂದು ಕೆಳಗಿನಿಂದಲೇ ಕತ್ತರಿಸಿದ್ದರು. ಕಪ್ಪು ಪಟ್ಟಿ ಬೇಡವೆಂದು 2012ರಲ್ಲಿ ಹೇಳಿದವರು ನಾವೇ ಎಂಬುದು ಆಗ ನೆನಪಾಯಿತು.

ಅಷ್ಟರಲ್ಲಿ ನಲವತ್ತನೆಯ ನಿಮಿಷದ ಹತ್ತಿರ ಆ ಪ್ರಸಿದ್ಧ ಮೌನ ಬಂದಿತು. ಪ್ರಸಿದ್ಧವೆಂದು ಏಕೆ ಹೇಳಿದೆವೆಂದರೆ ಅದನ್ನು ಪ್ರಸಿದ್ಧಗೊಳಿಸಿದವರೂ ನಾವೇ. ಲಿಂಗಾಚಾರ, ಸದಾಚಾರ, ಶಿವಾಚಾರ ಎಂದು ಮೂರನ್ನು ವಿವರಿಸಿದ ಗುರುಗಳು ಅಲ್ಲಿ ತಟ್ಟನೆ ನಿಲ್ಲುತ್ತಾರೆ. ದೃಷ್ಟಿ ಪಕ್ಕಕ್ಕೆ ಹೊರಳುತ್ತದೆ. ತುಟಿಗಳು ಅಲುಗುತ್ತವೆ, ದನಿ ಬರುವುದಿಲ್ಲ. ಸುಮಾರು ಇಪ್ಪತ್ತು ಸೆಕೆಂಡುಗಳ ಮೇಲೆ ಭೃತ್ಯಾಚಾರವೆಂದು ಮುಂದುವರಿಯುತ್ತಾರೆ. ಹತ್ತನೆಯ ಪುಣ್ಯಸ್ಮರಣೆಗಾಗಿ 2016ರಲ್ಲಿ ಹೊರತಂದ ಸಂಸ್ಮರಣ ಸಂಚಿಕೆಗೆ ಗುರುಗಳ ಕೊನೆಯ ವರ್ಷಗಳನ್ನು ಕುರಿತು ಬರೆದಾಗ ನಾವು ಈ ದೃಶ್ಯವನ್ನೇ ಆಧಾರವಾಗಿ ಹಿಡಿದಿದ್ದೆವು. ಆ ವೇಳೆಗಾಗಲೇ ಗುರುಗಳ ಸ್ಮರಣಶಕ್ತಿ ಕುಂದತೊಡಗಿತ್ತೆಂದೂ, ಬಾಯಿಪಾಠವಾಗಿದ್ದ ಪಂಚಾಚಾರಗಳಲ್ಲಿ ನಾಲ್ಕನೆಯದನ್ನು ಅವರು ಹುಡುಕಬೇಕಾಯಿತೆಂದೂ ಬರೆದೆವು. ಅದನ್ನು ಓದಿದ ಭಕ್ತರು ಅದನ್ನೇ ಹೇಳತೊಡಗಿದರು.

ಮಣಿಪಾಲದ ಮಿತ್ರರು ದನಿಯ ರೇಖೆಯನ್ನು ಪರದೆಯ ಮೇಲೆ ಹರಡಿ ತೋರಿಸಿದರು. ಮಾತಿರುವಲ್ಲಿ ರೇಖೆ ಗುಡ್ಡದಂತೆ ಏಳುತ್ತದೆ, ಬೀಳುತ್ತದೆ. ಆ ಇಪ್ಪತ್ತು ಸೆಕೆಂಡುಗಳಲ್ಲಿ ಮಾತ್ರ ಗೆರೆ ಎಳೆದಂತೆ ಚಪ್ಪಟೆ. “ಜನ ಸೇರಿದ ಮನೆಯಲ್ಲಿ ಇಂಥ ನಿಶ್ಶಬ್ದ ಇರುವುದಿಲ್ಲ, ಬುದ್ಧಿ. ಫ್ಯಾನಿನ ಸದ್ದಾದರೂ ಇರಬೇಕು. ಇಲ್ಲಿ ಯಂತ್ರ ಒರೆಸಿಹಾಕಿದೆ” ಎಂದರು. ಗದ್ದಲ ತೆಗೆಯುವ ಸಾಧನಕ್ಕೆ ಸಣ್ಣ ದನಿಯೂ ಗದ್ದಲವೇ. ಇಂತಿಷ್ಟು ಮಟ್ಟಕ್ಕಿಂತ ಮೆಲ್ಲಗಿರುವುದೆಲ್ಲ ಬೇಡವೆಂದು ಹೇಳಿಕೊಟ್ಟರೆ, ಅದು ಪಿಸುಮಾತನ್ನೂ ಫ್ಯಾನಿನ ಸದ್ದನ್ನೂ ಒಂದೇ ಕಸಬರಿಕೆಯಿಂದ ಗುಡಿಸಿಬಿಡುತ್ತದೆ.

ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ನಾವು ಸ್ನಾತಕೋತ್ತರ ತರಗತಿಯಲ್ಲಿ ಗ್ರಂಥಸಂಪಾದನೆಯನ್ನು ವಿಶೇಷ ವಿಷಯವಾಗಿ ಓದಿದವರು. ಪ್ರತಿಯಿಂದ ಪ್ರತಿ ಮಾಡುವಾಗ ಲಿಪಿಕಾರನು ಒಂದು ಸಾಲನ್ನು ಹಾರಿಸಬಹುದು, ತನಗೆ ತಿಳಿಯದ ಮಾತನ್ನು ತಿದ್ದಬಹುದು. ಆದುದರಿಂದ ಮೂಲಪ್ರತಿಯನ್ನು ನೋಡದೆ ಪಾಠವನ್ನು ನಿರ್ಣಯಿಸಬಾರದೆಂಬುದು ಆ ಶಾಸ್ತ್ರದ ಮೊದಲ ಪಾಠ. ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ವಚನಗಳ ಓಲೆಗರಿಗಳನ್ನು ಹುಡುಕಿ ತೆಗೆದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸಿದುದು ಈ ನಾಡಿನ ದೊಡ್ಡ ರೂಪಾಂತರ ಕಾರ್ಯ. ಕೆಲವರಷ್ಟೇ ಓದಬಲ್ಲವಾಗಿದ್ದುದನ್ನು ಅದು ಎಲ್ಲರೂ ಓದುವಂತೆ ಮಾಡಿತು. ಅಚ್ಚಾಯಿತೆಂದು ಓಲೆಗರಿಗಳನ್ನು ಯಾರಾದರೂ ಒಲೆಗೆ ಹಾಕಿದ್ದರೆ ಮುಂದಿನ ಸಂಪಾದಕರು ಪಾಠಾಂತರಗಳನ್ನು ಎಲ್ಲಿ ನೋಡುತ್ತಿದ್ದರು? ಓಲೆಗರಿಯ ವಿಷಯದಲ್ಲಿ ಕಲಿತದ್ದನ್ನು ನಾವು ತಟ್ಟೆಯ ವಿಷಯದಲ್ಲಿ ಮರೆತಿದ್ದೆವು.

ಮಾರನೆಯ ದಿನ ಕಾರ್ಕಳದ ಅಧ್ಯಾಪಕರಿಗೆ ಫೋನು ಮಾಡಿಸಿ, ಅಂದು ಚಿತ್ರ ಹಿಡಿದವರು ಯಾರೆಂದು ವಿಚಾರಿಸಿದೆವು. ಅವರು ಕಾಪುವಿನವರು, ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ ಎಂದು ತಿಳಿಯಿತು. ಮಣಿಪಾಲದಿಂದ ಕಾಪುವಿಗೆ ಹೋಗುವ ದಾರಿಯಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಮುಂದೆ ವಾಹನವನ್ನು ನಿಲ್ಲಿಸಿದೆವು. 1949ರಲ್ಲಿ ಡಾ. ಟಿ.ಎಂ.ಎ. ಪೈಯವರ ಪ್ರಯತ್ನದಿಂದ ಹುಟ್ಟಿದ ಈ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವನ್ನು ಕಟ್ಟಿ, ಕರಾವಳಿಯ ಹಾಡು, ಕುಣಿತ, ಆರಾಧನೆಗಳನ್ನು ಧ್ವನಿಯಲ್ಲಿಯೂ ಚಿತ್ರದಲ್ಲಿಯೂ ಹಿಡಿದಿಡುವ ಕಾರ್ಯಕ್ಕೆ ಕೈಹಾಕಿದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಈ ನಾಡಿಗೆ ಬಂದು ಇಲ್ಲಿಯ ವಿದ್ವಾಂಸರೊಡನೆ ಕೂಡಿ ಮಾಡಿದ ಕೆಲಸವನ್ನು ಓದುಗರಲ್ಲಿ ಹಲವರು ಬಲ್ಲರು. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ಅವರ ತಂಡ 1990ರ ಡಿಸೆಂಬರಿನಲ್ಲಿ ದಾಖಲಿಸಿಕೊಂಡಿತು. ಅದು 15,683 ಸಾಲುಗಳ ಗ್ರಂಥವಾಗಿ 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ಹಾಡಿನ ಮಾತುಗಳಷ್ಟೇ ಬೇಕಾಗಿದ್ದರೆ ಬರೆದುಕೊಂಡಿದ್ದರೆ ಸಾಕಾಗುತ್ತಿತ್ತು. ಆದರೆ ಹಾಡುವವನ ಕೈ, ಮುಖ, ಉಸಿರು, ಎದುರಿಗೆ ಕುಳಿತವರ ಹೂಂಗುಟ್ಟುವಿಕೆ ಇವೆಲ್ಲ ಸೇರಿಯೇ ಕಾವ್ಯವೆಂದು ತಿಳಿದು ಅವರು ಚಿತ್ರವನ್ನೂ ಹಿಡಿದರು. ನಮ್ಮ ಗುರುಗಳ ಪ್ರವಚನದಲ್ಲಿ ನಾವು ಮುಖವನ್ನು ಉಳಿಸಿಕೊಂಡು ಕೈಯನ್ನು ಕಡಿದಿದ್ದೆವು.

ಕಾಪುವಿನಲ್ಲಿ ಆ ಹಿರಿಯರ ಮನೆ ಸಮುದ್ರಕ್ಕೆ ಕೂಗಳತೆಯ ದೂರ. ಉಪ್ಪುಗಾಳಿಯಲ್ಲಿ ಕಬ್ಬಿಣವೇ ತುಕ್ಕುಹಿಡಿಯುವಾಗ ಟೇಪುಗಳ ಗತಿಯೇನೆಂಬ ಶಂಕೆ ನಮಗಿತ್ತು. ನಾವು ಬಂದ ಕಾರಣವನ್ನು ಹೇಳುತ್ತಲೇ ಅವರು ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿಯನ್ನು ತಂದಿಟ್ಟರು. ಅದರೊಳಗೆ ತೇವ ಹೀರುವ ಹರಳುಗಳ ಪೊಟ್ಟಣಗಳ ನಡುವೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಡಿವಿ ಕ್ಯಾಸೆಟ್ಟುಗಳು, ಒಂದೊಂದರ ಮೇಲೆಯೂ ತಾರೀಖು. “ಮದುವೆ ಕ್ಯಾಸೆಟ್ಟಾದರೆ ಜನ ಕೇಳಿಕೊಂಡು ಬರ್ತಾರೆ ಸ್ವಾಮೀಜಿ. ಪ್ರವಚನದ್ದು ಇಷ್ಟು ವರ್ಷ ಯಾರೂ ಕೇಳ್ಲಿಲ್ಲ. ಆದ್ರೆ ಅದರ ಮೇಲೆ ಬೇರೆ ತುಂಬಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಒಮ್ಮೆ ಓಡಿಸಿ ಇಡ್ತೇನೆ” ಎಂದರು. ನಾವು ಎದ್ದುನಿಂತು ಅವರಿಗೆ ಕೈಮುಗಿದೆವು. ಅವರು ಗಾಬರಿಯಾದರು.

ಟೇಪು ಉಳಿದರೆ ಸಾಲದು, ಓದುವ ಯಂತ್ರವೂ ಉಳಿದಿರಬೇಕು. ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳ ಯಂತ್ರವನ್ನು ಮಾಡುತ್ತಿದ್ದ ಜಪಾನಿನ ಫುನೈ ಸಂಸ್ಥೆ ಕೂಡ 2016ರ ಜುಲೈಯಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿತು. ಡಿವಿ ಕ್ಯಾಮರಾದಿಂದ ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಕಿಂಡಿ ಇಂದು ಮಾರುವ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಪುಣ್ಯವಶಾತ್ ಅವರ ಹಳೆಯ ಕ್ಯಾಮರಾವೂ ಆ ಕಿಂಡಿಯುಳ್ಳ ಹಳೆಯ ಕಂಪ್ಯೂಟರೂ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿದ್ದುವು. ಡಿವಿ ಟೇಪಿನಲ್ಲಿರುವುದೇ ಅಂಕಿಗಳಾದುದರಿಂದ ಅವನ್ನು ಒಂದಕ್ಷರವೂ ಬದಲಾಗದಂತೆ ಹಾಗೆಯೇ ಇಳಿಸಿಕೊಳ್ಳಬಹುದು. ಆದರೆ ಅವಸರ ನಡೆಯುವುದಿಲ್ಲ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು. ಗಂಟೆಗೆ ಸುಮಾರು 13 ಗಿಗಾಬೈಟ್ ಸ್ಥಳವೂ ಬೇಕು. ಎರಡನೆಯ ಟೇಪಿನಲ್ಲಿ ಅಲ್ಲಲ್ಲಿ ಬೂಷ್ಟು ಹಿಡಿದ ಗುರುತಾಗಿ ಚೌಕಚೌಕವಾದ ಕಲೆಗಳು ಕಂಡುವು. ಮೊದಲನೆಯದು ನಿರ್ಮಲವಾಗಿತ್ತು.

ಟೇಪು ತಿರುಗುತ್ತಿರುವಾಗ ನಾವು ಕಡಲತೀರಕ್ಕೆ ಹೋಗಿ ಕುಳಿತೆವು. ಕಾಪುವಿನ ದೀಪಸ್ತಂಭ 1901ರದು. ಬಂಡೆಯ ಮೇಲಿನ ಆ ಗೋಪುರ ಅಂದಿನಿಂದ ಅಲ್ಲಿಯೇ ಇದೆ. ಒಳಗಿನ ದೀಪ ಮಾತ್ರ ಬದಲಾಗಿದೆ. ಎಣ್ಣೆಯ ದೀಪ ಹೋಗಿ ವಿದ್ಯುದ್ದೀಪ ಬಂದಿದೆ. ಕಡಲಿನಲ್ಲಿರುವವನಿಗೆ ಬೇಕಾದುದು ಬೆಳಕು. ಅದು ಅವನ ಕಣ್ಣಿಗೆ ಮುಟ್ಟುವಂತೆ ಕಾಲಕಾಲಕ್ಕೆ ದೀಪವನ್ನು ಬದಲಿಸುವುದು ದೀಪಸ್ತಂಭದ ಧರ್ಮಕ್ಕೆ ವಿರೋಧವಲ್ಲ. ಬದಲಾವಣೆಯೇ ತಪ್ಪೆಂದು ನಾವು ಹೇಳುತ್ತಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಹಿಂದಿರುಗಿದಾಗ ನಲವತ್ತನೆಯ ನಿಮಿಷ ಸಮೀಪಿಸಿತ್ತು. ಪೂರ್ಣ ಚೌಕದಲ್ಲಿ ಗುರುಗಳು ತಗ್ಗಾದ ಪೀಠದ ಮೇಲೆ ಕುಳಿತಿದ್ದಾರೆ. ಮುಂದೆ ಹಾಸಿದ ಚಾಪೆ, ಅದರ ಮೇಲೆ ಕುಳಿತವರ ತಲೆಗಳು. ಶಿವಾಚಾರದ ಮಾತು ಬಂದಿದೆ. ಶಿವಭಕ್ತರಲ್ಲಿ ಹೆಚ್ಚುಕಡಿಮೆಯನ್ನು ಎಣಿಸಬಾರದೆಂದು ಹೇಳಿ ನಿಲ್ಲಿಸುತ್ತಾರೆ. ದೃಷ್ಟಿ ಬಾಗಿಲ ಕಡೆಗೆ ಹೊರಳುತ್ತದೆ. ಬಲಗೈ ಕೆಳಗೆ ಚಾಚಿ, ಪೀಠದ ಮುಂದೆಯೇ ಖಾಲಿಯಿದ್ದ ಚಾಪೆಯ ತುದಿಯನ್ನು ತಟ್ಟುತ್ತದೆ. ಆಗ ಮೆಲ್ಲಗೆ, ಫ್ಯಾನಿನ ಸದ್ದಿನೊಳಗೆ ಬೆರೆತು, ಗುರುಗಳ ದನಿ: “ಕುಲ್ಲುಲೆ ಅಮ್ಮ, ಕುಲ್ಲುಲೆ.” ವಯಸ್ಸಾದ ಹೆಂಗಸೊಬ್ಬಳು ಬುಟ್ಟಿಯನ್ನು ಎದೆಗವಚಿಕೊಂಡು, ಬಾಗಿ ಬಂದು, ಚೌಕದ ಕೆಳತುದಿಯಲ್ಲಿ ಆ ಜಾಗದಲ್ಲಿ ಕುಳಿತುಕೊಳ್ಳುತ್ತಾಳೆ. ಅವಳು ಸೆರಗು ಸರಿಪಡಿಸಿಕೊಳ್ಳುವವರೆಗೆ ಗುರುಗಳು ಕಾಯುತ್ತಾರೆ. ಆಮೇಲೆ ‘ಭೃತ್ಯಾಚಾರ’ ಎನ್ನುತ್ತಾರೆ.

ಕುಳಿತುಕೊಳ್ಳಿ ಎಂಬುದಕ್ಕೆ ತುಳುವಿನಲ್ಲಿ ಕುಲ್ಲುಲೆ ಎನ್ನುತ್ತಾರೆ. ಗುರುಗಳಿಗೆ ತುಳು ಬರುತ್ತಿರಲಿಲ್ಲ. ಆ ಒಂದು ಮಾತನ್ನು ಅವರು ಯಾರಿಂದಲೋ ಕೇಳಿ ಕಲಿತುಕೊಂಡಿದ್ದರು. ಎಲ್ಲರಿಗಿಂತಲೂ ತಾನು ಕಿರಿಯನೆಂದು ತಿಳಿದು ಸೇವೆಮಾಡುವುದು ಭೃತ್ಯಾಚಾರ. ಅದನ್ನು ಬಾಯಿಂದ ಹೇಳುವ ಮೊದಲು ಅವರು ಕೈಯಿಂದ ಮಾಡಿ ತೋರಿಸಿದ್ದರು. ನಾವು ಆ ಕೈಯನ್ನು ಕತ್ತರಿಸಿ, ಆ ಮಾತನ್ನು ಒರೆಸಿ, ಉಳಿದ ಮೌನಕ್ಕೆ ಮರೆವು ಎಂದು ಹೆಸರಿಟ್ಟಿದ್ದೆವು.

ಕಡತವನ್ನು ತೆಗೆದುಕೊಂಡು ಮರುದಿನ ಕಾರ್ಕಳಕ್ಕೆ ಹೋದೆವು. ಊರು ಸಮೀಪಿಸುತ್ತಲೇ ಬಂಡೆಗುಡ್ಡದ ಮೇಲೆ ಗೊಮ್ಮಟೇಶ್ವರನ ಮೂರ್ತಿ ಕಾಣಿಸುತ್ತದೆ. ವೀರಪಾಂಡ್ಯ ಭೈರರಸನು 1432ರಲ್ಲಿ ನಿಲ್ಲಿಸಿದ ಈ 42 ಅಡಿಯ ಮೂರ್ತಿಯನ್ನು ನೋಡಲು ಯಾವ ಯಂತ್ರವೂ ಬೇಡ. ಆದರೆ ಅದರ ಪಕ್ಕದ ಶಾಸನವನ್ನು ಓದಬೇಕಾದರೆ ಹಳೆಯ ಲಿಪಿಯನ್ನು ಬಲ್ಲವರು ಬೇಕು. ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೇ ಓದುಗನ ಹಂಗು ತಪ್ಪದಿರುವಾಗ ಕಾಂತದ ಪಟ್ಟಿಯ ಮೇಲೆ ಬರೆದುದರ ಪಾಡೇನು? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಅಧ್ಯಾಪಕರ ಮನೆಯಲ್ಲಿ ಟಿ.ವಿ.ಗೆ ಜೋಡಿಸಿ ದೃಶ್ಯವನ್ನು ತೋರಿಸಿದೆವು. ಎರಡು ಪಕ್ಕಗಳಲ್ಲಿ ಕಪ್ಪು ಪಟ್ಟಿಗಳಿದ್ದುವು. ಈ ಸಲ ಅವು ನಮಗೆ ವಿಭೂತಿಪಟ್ಟಿಯಷ್ಟೇ ಪ್ರಿಯವಾದುವು. ಗೃಹಿಣಿಯು ಆ ಮುದುಕಿಯನ್ನು ಕೂಡಲೇ ಗುರುತಿಸಿದರು. ಅಂದು ಪೂಜೆಗಾಗಿ ಶಂಕರಪುರ ಮಲ್ಲಿಗೆಯ ಅಟ್ಟೆಗಳನ್ನು ತಂದಿದ್ದವಳು ಆಕೆ. ಹೂ ಕೊಟ್ಟು ಹೋಗಲು ಮನಸ್ಸಾಗದೆ, ಒಳಗೆ ಬರಲು ಸಂಕೋಚಪಟ್ಟು ಬಾಗಿಲ ಬಳಿ ನಿಂತಿದ್ದಳು. ಈಗ ಆಕೆಯಿಲ್ಲ. ಹೂವಿನ ವ್ಯಾಪಾರವನ್ನು ಮಗಳು ನಡೆಸುತ್ತಿದ್ದಾಳೆ. ಹೇಳಿಕಳುಹಿಸಿದೊಡನೆ ಮಗಳು ಬಂದಳು. ದೊಡ್ಡ ಸ್ವಾಮಿಗಳು ತನ್ನನ್ನು ಕರೆದು ಮುಂದೆ ಕೂರಿಸಿದರೆಂದು ತಾಯಿ ಕೊನೆಯವರೆಗೂ ಹೇಳುತ್ತಿದ್ದಳಂತೆ. ಮನೆಯವರು ಅರ್ಧ ನಂಬಿದ್ದರಂತೆ. ನಮ್ಮ ಸಂಚಿಕೆಯಲ್ಲಿ ಅಚ್ಚಾದುದು ಸುಳ್ಳಾಗಿತ್ತು, ಹೂವಿನವಳ ಬಾಯಿಮಾತು ನಿಜವಾಗಿತ್ತು.

ಮಗಳು ಎರಡು ಸಲ ನೋಡಿದಳು. ಗುರುತಿನ ಚೀಟಿಯ ಚಿತ್ರವನ್ನು ಬಿಟ್ಟರೆ ತಾಯಿಯ ಬೇರೆ ಚಿತ್ರ ಅವರಲ್ಲಿರಲಿಲ್ಲ. “ಇದು ನನ್ನ ಫೋನಿಗೆ ಬರ್ತದಾ ಸ್ವಾಮೀಜಿ?” ಎಂದು ಕೇಳಿದಳು. ಆಕೆಯದು ಗಾಜು ಸೀಳಿದ, ಕಡಿಮೆ ಬೆಲೆಯ ಫೋನು. ಮಣಿಪಾಲದ ಮಿತ್ರರು ಮಾಡಿಕೊಟ್ಟಿದ್ದ ಎಂಪಿ4 ಕಡತವನ್ನು ಕಳುಹಿಸಿದೆವು, ತೆರೆದುಕೊಂಡಿತು. ಎಲ್ಲೆಡೆ ಸಲ್ಲುವ ಕ್ರಮಕ್ಕೆ ಬದಲಿಸಬೇಕೆಂಬ ಮಾತಿನ ಅರ್ಥ ನಮಗೆ ಪೂರ್ತಿಯಾಗಿ ಹೊಳೆದದ್ದು ಆಗ. 13 ಗಿಗಾಬೈಟಿನ ಮೂಲವು ವಿದ್ವಾಂಸನಿಗೆ ಬೇಕು. ಅದರಿಂದ ಈ ತಾಯಿಗೆ ಪ್ರಯೋಜನವಿಲ್ಲ. ಎಂಪಿ4 ಈಕೆಗೆ ಬೇಕು. ಆದರೆ ಮೂಲವಿಲ್ಲದಿದ್ದರೆ ಅದರಲ್ಲಿ ಈಕೆಯ ತಾಯಿಯೇ ಇರುತ್ತಿರಲಿಲ್ಲ.

ಸದ್ಭಕ್ತರ ಮನೆಗಳಲ್ಲಿಯೂ ಇಂಥ ತಟ್ಟೆಗಳು, ಟೇಪುಗಳು, ತೆರೆಯದ ಕಡತಗಳು ಇದ್ದೇ ಇರುತ್ತವೆ: ಮಠದ ಜಾತ್ರೆಯದು, ಮಗನ ಅಯ್ಯಾಚಾರದ್ದು, ಇಂದು ಇಲ್ಲದ ಹಿರಿಯರದು. ನಾವು ಕಲಿತದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ತಟ್ಟೆ, ಟೇಪುಗಳಲ್ಲಿರುವುದನ್ನು ಮೊದಲು ಇದ್ದ ಹಾಗೆಯೇ ಕಂಪ್ಯೂಟರಿಗೆ ಇಳಿಸಿಕೊಳ್ಳಿರಿ. ಅದೇ ಮೂಲ, ಅದನ್ನು ತಿದ್ದಬೇಡಿರಿ. ಅದರಿಂದ ಎಂಪಿ4 ಪ್ರತಿಯನ್ನು ಮಾಡುವಾಗ ಎಚ್.264, ಎಎಸಿ ಎಂಬುವನ್ನು ಆರಿಸಿರಿ. ಗುಣಮಟ್ಟದ ಅಂಕೆಯನ್ನು ಹ್ಯಾಂಡ್‌ಬ್ರೇಕಿನಲ್ಲಿ 18ರಿಂದ 22ರೊಳಗೆ ಇಟ್ಟರೆ ಹಳೆಯ ಚಿತ್ರಗಳಿಗೆ ಸಾಕು. ಅಂಕೆ ಚಿಕ್ಕದಾದಷ್ಟೂ ಚಿತ್ರ ಚೆನ್ನ, ಕಡತ ದೊಡ್ಡದು. ಚೌಕದ ಪ್ರಮಾಣವನ್ನು ಬದಲಿಸಬೇಡಿರಿ, ಹಿಗ್ಗಿಸಬೇಡಿರಿ, ಕತ್ತರಿಸಬೇಡಿರಿ. ಚಿಕ್ಕ ಚಿತ್ರವನ್ನು ದೊಡ್ಡ ಅಳತೆಗೆ ಏರಿಸಿದರೆ ಇಲ್ಲದ ವಿವರ ಬಂದೀತೆಂಬುದು ಭ್ರಮೆ. ಪ್ರತಿಯಿಂದ ಪ್ರತಿ ಮಾಡಿದಷ್ಟೂ ಸವಕಲಾಗುವುದರಿಂದ ಮುಂದೆ ಹೊಸ ಕ್ರಮ ಬಂದರೂ ಮೂಲದಿಂದಲೇ ಮಾಡಿರಿ. ಹೊಸ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕುಳಿತು ನೋಡಿರಿ. ಮೂಲವನ್ನು ಎರಡು ಬೇರೆ ಬೇರೆ ಊರುಗಳಲ್ಲಿ ಇಡಿರಿ. ಟೇಪು, ತಟ್ಟೆಗಳನ್ನು ತಿಪ್ಪೆಗೆ ಮಾತ್ರ ಹಾಕಬೇಡಿರಿ.

ಕೊನೆಯದಾಗಿ ನಮ್ಮ ಋಣವೊಂದು ತೀರಬೇಕಾಗಿದೆ. 2016ರ ಸಂಸ್ಮರಣ ಸಂಚಿಕೆಯಲ್ಲಿ ಪರಮಪೂಜ್ಯರ ಸ್ಮರಣಶಕ್ತಿಯನ್ನು ಕುರಿತು ನಾವು ಬರೆದುದು ತಪ್ಪು. ಕಾರ್ಕಳದಲ್ಲಿ ಅವರು ಏನನ್ನೂ ಮರೆತಿರಲಿಲ್ಲ. ಆ ಮಾತನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಸಂಚಿಕೆಯ ಪ್ರತಿ ಇರುವವರು ದಯವಿಟ್ಟು ಆ ಪುಟದ ಅಂಚಿನಲ್ಲಿ ಇದನ್ನು ಬರೆದುಕೊಳ್ಳಬೇಕು. ಆದರೆ ಪುಟವನ್ನು ಹರಿದುಹಾಕಬಾರದು. ನಾವು ತಪ್ಪಿದ್ದೆವೆಂಬುದೂ ಮುಂದಿನವರಿಗೆ ತಿಳಿಯಲಿ. ಮಸ್ಕತ್ತಿಗೆ ಹೊಸ ಕಡತವನ್ನು ಕಳುಹಿಸಿದ್ದೇವೆ. ಮಕ್ಕಳು ಪೂರ್ತಿ ನೋಡಿದರಂತೆ. ಚಿಕ್ಕವಳು ನಲವತ್ತನೆಯ ನಿಮಿಷದಲ್ಲಿ, “ಅಜ್ಜಾರು ಆ ಅಜ್ಜಿಗೆ ಏನಂದ್ರು?” ಎಂದು ತಂದೆಯನ್ನು ಕೇಳಿದಳಂತೆ.